ಟೋಕನ್ ನಂಬರ್ ನಲವತ್ತೊಂದು

ಕೂಗಬ್ಯಾಡವಾ, ನಾವೇನ್ ಕಿವುಡ್ರಲ್ಲ ಅಂದ್ರಿ.
ಬಾಜೂಕಿನ ಕ್ಲಾರ್ಕು ನಕ್ಕ.
ನಗಲಿ ಬಿಡ್ರಿ ಸಾಹೇಬ್ರ,
ಮುಂಜಾನೆ ಎಂಟಕ್ಕ ಬಂದು ಕುಂತೀನಿ.
ಮಗ್ಗದ ಮನಿಯಾಗ ಬೆಳದ ದನಿ ಇದು.
ಬೆಟಗೇರಿ ಓಣ್ಯಾಗ ಹತ್ತು ಲಾಳಿ ಒಮ್ಮೆಲೆ ಓಡುವಾಗ
ಚೂರು ಉಪ್ಪು ಕೊಡ್ರಿ ಅನ್ನಾಕೂ ಒದರಬೇಕು.
ಮಗಳ ಮುಂದ ಮಾತ್ರ ನಾ ಒದರಂಗಿಲ್ಲ.
ಒದರಿದ್ರ ಅಕಿಗೆ ಮುಟ್ಟಂಗಿಲ್ಲ.

ಶಾಕಂಬರಿ ಅಂತ. ಬರೂ ಶ್ರಾವಣಕ್ಕ ಎಂಟು ತುಂಬತಾವ.
ಐದರ ತನಕ ನಾವು ಅಕಿಗೆ ಹೇಳಿದ್ದು ಮೂರೇ ಮಾತು:
ಬಾ, ಉಣ್ಣು, ಬ್ಯಾಡ.
ಆಮ್ಯಾಲೆ ದಿಲ್‌ಶಾದ್ ಟೀಚರ್ ಬಂದ್ರು,
ಮಂಗಳವಾರ ಒಮ್ಮೆ, ಶುಕ್ರವಾರ ಒಮ್ಮೆ,
ಸೀಟು ಹರಿದ ಸ್ಕೂಟಿ ಮ್ಯಾಲೆ,
ಡಿಕ್ಕಿಯೊಳಗ ಬಣ್ಣದ ಚಿತ್ರದ ಕಟ್ಟು.
ಮೊದಲ ದಿನ ಅವನ್ನ ಬಿಚ್ಚಲೇ ಇಲ್ಲ ಅವರು.
ಹುಡುಗಿ ಅಂಗೈ ಹಿಡಿದು ಮಗ್ಗದ ಕಂಬಕ್ಕ ಹಚ್ಚಿದ್ರು,
ನಮ್ಮನಿಯವ್ರಿಗೆ ಕಣ್ಸನ್ನಿ ಮಾಡಿದ್ರು: ನೇಯ್ರಿ.
ಒಂದು.
ಎರಡು.
ಬಡಿತ ಕೈಯಾಗ ಹೊಕ್ಕು ಮಾರಿ ಮ್ಯಾಲೆ ಬಂತು.
ಅಕಿ ಎಣಿಸಿದಳ್ರಿ! ತನ್ನ ಹತ್ತು ಬಟ್ಟು ಮುಗದ ಮ್ಯಾಲೆ
ನನ್ನ ಬಟ್ಟು ಹಿಡಿದು ಎಣಿಸಿದಳು.
ಅವತ್ತು ಸೆರಗಿನ ಡಿಜೈನು ಕೆಟ್ಟಿತು. ಮಾಲಕರು ಕೂಲಿ ಮುರಕೊಂಡ್ರು.

ವರ್ಷದಾಗ ಮಗಳು ಸುಳ್ಳು ಹೇಳಾಕ ಕಲತ್ಲು.
ಹಾಲು ಚೆಲ್ಲಿದ್ದು ಬೆಕ್ಕು, ನಾನಲ್ಲ, ಅಂತ ಕೈಲೆ ಅಂದಳು,
ಮೀಸಿ ಮ್ಯಾಲೆ ಹಾಲಿನ ಗೆರಿ ಇಟ್ಕೊಂಡು.
ಒಲಿ ಮುಂದ ಕುಂತು ಅತ್ತೆ ನಾನು:
ಸುಳ್ಳು ಹೇಳೂವಷ್ಟು ಮಾತು ಬಂತಲ್ಲ ನನ್ನ ಕೂಸಿಗೆ ಅಂತ.

ಮಾರ್ಚ್‌ನಾಗ ಒಂದು ಹಾಳಿ ಬಂತು.
ಅನುದಾನ ಇಲ್ಲ, ಸೇವೆ ಮುಂದುವರಿಯುವುದಿಲ್ಲ.
ಕಿವಿಯಂತ್ರದ ಸೆಲ್ಲೂ ಇಲ್ಲ;
ಯಂತ್ರ ಈಗ ಜಗಲಿ ಮ್ಯಾಲೆ, ಕುಂಕುಮದ ಭರಣಿ ಬಾಜೂಕ,
ದೇವ್ರಂಗ ಸುಮ್ಮನ ಕುಂತೈತಿ.
ಸರ್ಕಾರ ಕೈ ಎತ್ತೇತಿ ಅಂತಾರ ಮಂದಿ.
ನಮ್ಮನ್ಯಾಗ ಕೈ ಎತ್ತೂದಂದ್ರ ಮಾತು ಸುರು ಮಾಡೂದು ಸಾಹೇಬ್ರ.
ನಿಮ್ಮಲ್ಲಿ ಮುಗಿಸೂದು.

ಟೀಚರ್ ಈಗ ಹಾತಲಗೇರಿ ನಾಕಾ ಹತ್ರ ಝೆರಾಕ್ಸ್ ಅಂಗಡ್ಯಾಗ ಅದಾರ.
ಈ ಅರ್ಜಿ ಝೆರಾಕ್ಸ್ ಮಾಡಿದವ್ರೂ ಅವರೇ,
ರೊಕ್ಕ ತಗೊಳ್ಳಲಿಲ್ಲ.
ಕಡೀ ಶುಕ್ರವಾರ ಅವರು ಕಲಿಸಿದ್ದು ‘ನಾಳೆ’ ಅನ್ನೂ ಮಾತು.
ಅಕಿ ಇನ್ನೂ ಮಂಗಳವಾರ ಹೊಸ್ತಿಲಿಗೆ ಕುಂತು ಕೈ ಮಾಡ್ತಾಳ:
ನಾಳೆ?
ನಾ ಸೆರಗಿನಾಗ ಕೈ ಮುಚ್ಚಿಕೊಂಡು ನಿಂದರ್ತೀನಿ.

ಹುಬ್ಬಳ್ಳ್ಯಾಗ ಹಾಸ್ಟೆಲ್ ಶಾಲಿ ಐತಿ, ಅಲ್ಲಿ ಬಿಡ್ರಿ ಅಂತೀರಿ.
ನಿಮ್ಮ ಮಗಳು ಲೆಕ್ಕದಾಗ ಹಿಂದ ಬಿದ್ರ
ಊರು ಬಿಡಸ್ತೀರೇನು?
ಎರಡು ದಿನದ ಪಗಾರ, ಸ್ಕೂಟಿಗೆ ಪೆಟ್ರೋಲ್, ಒಂದು ಗುಂಡಿಯಷ್ಟ ಸೆಲ್ಲು.
ಇಷ್ಟು ಉಳಿಸಿ ಯಾವ ಬೊಕ್ಕಸ ತುಂಬೀತು?
ದಾನ ಕೇಳಾಕ ಬಂದಿಲ್ಲ ನಾನು.
ಕಾಯ್ದೆದಾಗ ಹಕ್ಕು ಅಂತ ಬರದೈತಿ. ಓದೀನಿ, ಎರಡು ಸಲ.
ಕೆಳಗ ಹನ್ನೊಂದು ಮನಿಯವ್ರ ಸಹಿ ಅದಾವ,
ಮೂರು ಹೆಬ್ಬೆಟ್ಟು. ಒಂದು ಅಕಿದು,
ಶಾ ಅನ್ನೂ ಅಕ್ಷರ ಉಲ್ಟಾ ಬಿದ್ದೈತಿ, ಹಂಗ ಇರಲಿ.

ಏನಂತಾಳ ಹುಡುಗಿ, ಅಂತ ಈಗ ಕೇಳಿದ್ರಿ.
ತಿಳಿಸಿ ಹೇಳಾಕ ನಿಮ್ಮ ಹತ್ರ ಒಬ್ರು ಇದ್ರಲ್ರಿ,
ಮಂಗಳವಾರ ಒಮ್ಮೆ, ಶುಕ್ರವಾರ ಒಮ್ಮೆ.

ನೋಡ್ರಿ, ನಿಮ್ಮ ಟೇಬಲ್ಲಿಗೆ ಅಂಗೈ ಹಚ್ಯಾಳ,
ಕಂಬಕ್ಕ ಹಚ್ಚಿದಂಗ.
ಭಾಳೊತ್ತು ಕಾದು ನನ್ನ ಕಡೆ ತಿರುಗಿ ಅಂದಳು:
ಅವ್ವಾ, ಈ ಮಗ್ಗ ನಿಂತೈತಿ.

ನಲವತ್ತೆರಡನೇದವ್ರು ಚೂರು ತಡೀರಿ.
ನಮ್ಮದಿನ್ನೂ ಮುಗದಿಲ್ಲ.